ನೀವಿಲ್ಲದ ದಿನವೂ ನಡೆಯುವ ಕೆಲಸ: ಸಮುದಾಯ ಸೇವೆಯಲ್ಲಿ ಮುಂದಾಳಾಗುವುದು ಹೇಗೆ?

ಸಮುದಾಯ ಸೇವೆಗೆ ಬಂದ ಮೊದಲ ವರ್ಷ ನಾನು ಮಕ್ಕಳಿಗಾಗಿ ಒಂದು ಓದುವ ಕೋಣೆ ತೆರೆದೆ. ಬೀಗದ ಕೈ ನನ್ನ ಹತ್ತಿರವೇ ಇರುತ್ತಿತ್ತು. ಪುಸ್ತಕ ಕೊಡುವುದು, ವಾಪಸ್ ಬಂದದ್ದನ್ನು ಬರೆದುಕೊಳ್ಳುವುದು, ಕಸ ಗುಡಿಸುವುದು, ಎಲ್ಲವೂ ನಾನೇ. ನೋಡಿದವರೆಲ್ಲ ಹೊಗಳುತ್ತಿದ್ದರು. ಒಮ್ಮೆ ಜ್ವರ ಬಂದು ಹದಿನೈದು ದಿನ ಮಲಗಿದೆ. ಅಷ್ಟೂ ದಿನ ಕೋಣೆಗೆ ಬೀಗ. ಮಕ್ಕಳು ಸಂಜೆ ಬಂದು, ಬಾಗಿಲು ನೋಡಿ, ಹಾಗೇ ಹೋಗುತ್ತಿದ್ದರಂತೆ. ಅದನ್ನು ಕೇಳಿದಾಗ ಆದ ಸಂಕಟ ಇವತ್ತಿಗೂ ಮರೆತಿಲ್ಲ. ಬೀಗದ ಕೈಯನ್ನು ಇನ್ನೊಬ್ಬರಿಗೆ ಕೊಡಬೇಕು ಅನ್ನುವುದೇ ನನಗೆ ಹೊಳೆದಿರಲಿಲ್ಲ.

ಅಂದಿನಿಂದ ನಾನು ಯಾವ ಕೆಲಸಕ್ಕೆ ಕೈ ಹಾಕಿದರೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ನಾನು ಇಲ್ಲದ ದಿನ ಇದು ನಡೆಯುತ್ತದೆಯೇ?

ಕಂಪನಿಯಲ್ಲಿ ಮೇಲಿನವರ ಕೈಯಲ್ಲಿ ಸಂಬಳ ಇರುತ್ತದೆ, ಬಡ್ತಿ ಇರುತ್ತದೆ. ಸೇವೆಯ ಕೆಲಸದಲ್ಲಿ ಅದ್ಯಾವುದೂ ಇಲ್ಲ. ಸ್ವಯಂಸೇವಕರು ನಾಳೆಯಿಂದ ಬರಲ್ಲ ಅಂದರೆ ನೀವು ಏನೂ ಮಾಡುವ ಹಾಗಿಲ್ಲ. ಇಲ್ಲಿ ಜನ ನಿಮ್ಮ ಜೊತೆ ನಿಲ್ಲುವುದು ನಂಬಿಕೆ ಇದ್ದರೆ ಮಾತ್ರ. ಆ ನಂಬಿಕೆ ಗಳಿಸುವುದು ಹೇಗೆ, ಗಳಿಸಿದ್ದನ್ನು ಇತರರಿಗೂ ಹಂಚುವುದು ಹೇಗೆ ಅನ್ನುವುದನ್ನು ನಾನು ಕಲಿತ ಹಾಗೆ, ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಸಣ್ಣ ಗುಂಪು ಕಟ್ಟಲು ಹೊರಟವರಿಗೂ, ಈಗಾಗಲೇ ಗುಂಪು ನಡೆಸುತ್ತಾ ಸುಸ್ತಾದವರಿಗೂ ಇದು ಉಪಯೋಗಕ್ಕೆ ಬರಲಿ.

ಹೆಜ್ಜೆ 1: ಮೊದಲ ಮೂರು ವಾರ ಏನನ್ನೂ ಶುರು ಮಾಡಬೇಡಿ

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಒಳ್ಳೆಯದು ಮಾಡಬೇಕು ಅಂತ ಬಂದವರಿಗೆ ಕೈ ಕಟ್ಟಿ ಕೂರುವುದು ಆಗುವುದಿಲ್ಲ. ಆದರೂ ಕೂರಿ. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಹೊರಗಿನಿಂದ ನೋಡುವಾಗ ಪ್ರತಿ ಸಮಸ್ಯೆಗೂ ಪರಿಹಾರ ಸಲೀಸಾಗಿ ಕಾಣುತ್ತದೆ.

ಕಳೆದ ದಶಕಗಳಲ್ಲಿ ದಕ್ಷಿಣ ಆಫ್ರಿಕಾ, ಮೊಜಾಂಬಿಕ್ ಮುಂತಾದ ಕಡೆ ಒಂದು ಹೊಸ ಬಗೆಯ ನೀರಿನ ಪಂಪ್ ಹಾಕಿದರು. ಮಕ್ಕಳು ಕೂತು ತಿರುಗುವ ಆಟದ ಚಕ್ರವನ್ನು ಪಂಪಿಗೆ ಜೋಡಿಸಿದ್ದರು. ಮಕ್ಕಳು ಆಡುತ್ತಾರೆ, ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? 2006ರಲ್ಲಿ ದೊಡ್ಡ ದೊಡ್ಡವರು ಹಣ ಕೊಡಲು ಮುಂದೆ ಬಂದರು. 2010ರೊಳಗೆ 4,000 ಪಂಪ್ ಹಾಕುವ ಗುರಿ ಇತ್ತು. ಆದರೆ ನೀರು ಬೇಕಾದ ಹೊತ್ತಿಗೆಲ್ಲ ಮಕ್ಕಳು ಆಡಲು ಸಿಗುತ್ತಿರಲಿಲ್ಲ. ಕೊನೆಗೆ ಆ ಚಕ್ರವನ್ನು ಹೆಂಗಸರೇ ಬಗ್ಗಿ ತಿರುಗಿಸಬೇಕಾಯಿತು. ಎಷ್ಟೋ ಕಡೆ ಕೆಟ್ಟದ್ದು ರಿಪೇರಿಯೇ ಆಗಲಿಲ್ಲ. ಗುರಿ ಮುಟ್ಟುವ ಮೊದಲೇ ಯೋಜನೆ ನಿಂತಿತು. ಹಳೇ ಕೈಪಂಪೇ ವಾಸಿ ಅಂದವರು ಬಹಳ ಮಂದಿ. ಅವರನ್ನು ಮೊದಲೇ ಕೇಳಿದ್ದರೆ ಹೇಳುತ್ತಿದ್ದರು.

ಈ ಮೂರು ವಾರ ಹೀಗೆ ಮಾಡಿ. ಒಂದೇ ಜಾಗಕ್ಕೆ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ. ಬೆಳಗಿನ ಜಾಗವೇ ಬೇರೆ, ರಾತ್ರಿಯ ಜಾಗವೇ ಬೇರೆ. ಮೊದಲ ಕೆಲವು ದಿನ ಪುಸ್ತಕ, ಪೆನ್ನು, ಫೋನು ಯಾವುದನ್ನೂ ಹೊರಗೆ ತೆಗೆಯಬೇಡಿ. ಬರೆದುಕೊಳ್ಳುವವರನ್ನು ಕಂಡರೆ ಜನ ಮಾತು ಬದಲಿಸುತ್ತಾರೆ. ಮನೆಗೆ ಹೋದ ಮೇಲೆ ನೆನಪಿನಿಂದ ಬರೆಯಿರಿ. ಹೆಂಗಸರು, ವಯಸ್ಸಾದವರು, ಮಕ್ಕಳು, ಹೊಸದಾಗಿ ಬಂದು ನೆಲೆಸಿದವರು, ಇವರೆಲ್ಲರ ಜೊತೆ ಬೇರೆ ಬೇರೆಯಾಗಿ ಕೂರಿ. ಒಟ್ಟಿಗೆ ಕೂರಿಸಿದರೆ ಒಬ್ಬರೇ ಮಾತಾಡುತ್ತಾರೆ, ಉಳಿದವರು ತಲೆ ಆಡಿಸುತ್ತಾರೆ.

"ನಿಮಗೆ ಏನು ಬೇಕು?" ಅಂತ ಕೇಳಬೇಡಿ. ಹಾಗೆ ಕೇಳಿದರೆ, ನೀವು ಏನು ಕೊಡಬಲ್ಲಿರಿ ಅಂತ ಅವರು ಊಹಿಸಿ ಅದನ್ನೇ ಹೇಳುತ್ತಾರೆ. ನನಗೆ ಉಪಯೋಗಕ್ಕೆ ಬಂದ ಪ್ರಶ್ನೆಗಳು ಮೂರು. ಕಳೆದ ತಿಂಗಳು ಯಾವ ದಿನ ತುಂಬಾ ಕಷ್ಟ ಆಯಿತು? ಆಗ ನೀವು ಏನು ಮಾಡಿದಿರಿ? ಯಾರು ನೆರವಿಗೆ ಬಂದರು? ಮೊದಲನೆಯದಕ್ಕೆ ಬರುವ ಉತ್ತರದಲ್ಲಿ ನಿಜವಾದ ತೊಂದರೆ ಇರುತ್ತದೆ. ಎರಡನೆಯದರಲ್ಲಿ ಅವರ ಸ್ವಂತ ಜಾಣ್ಮೆ. ಮೂರನೆಯದರಲ್ಲಿ ಒಂದು ಹೆಸರು. ಆ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದಿನ ಹೆಜ್ಜೆಗೆ ಬೇಕು.

ಕೀನ್ಯಾದ ವಂಗಾರಿ ಮಾಥಾಯಿ 1977ರಲ್ಲಿ ಗ್ರೀನ್ ಬೆಲ್ಟ್ ಮೂವ್‌ಮೆಂಟ್ ಶುರು ಮಾಡಿದರು. ಮುಂದೆ ಕೋಟಿಗಟ್ಟಲೆ ಗಿಡ ನೆಟ್ಟ ಚಳವಳಿ ಅದು. ಅವರಿಗೆ 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆದರೆ ಶುರುವಿನಲ್ಲಿ ಅವರು ಮಾಡಿದ್ದು ಹಳ್ಳಿಯ ಹೆಂಗಸರ ಮಾತು ಕೇಳುವ ಕೆಲಸ. ಸೌದೆ ಸಿಗುತ್ತಿಲ್ಲ, ಒಳ್ಳೆಯ ನೀರಿಲ್ಲ, ಮಕ್ಕಳಿಗೆ ಸರಿಯಾದ ಊಟವಿಲ್ಲ, ಕೈಯಲ್ಲಿ ಕಾಸಿಲ್ಲ ಅಂತ ಅವರು ಹೇಳಿದರು. ಗಿಡ ನೆಡೋಣ ಅನ್ನುವ ಯೋಚನೆ ಹುಟ್ಟಿದ್ದು ಈ ಮಾತುಗಳಿಂದ.

ಮೂರು ವಾರ ಆದ ಮೇಲೆ ಅವರೆದುರೇ ಕೂತು, "ನಾನು ಕೇಳಿಸಿಕೊಂಡಿದ್ದು ಇಷ್ಟು, ಸರಿಯೇ?" ಅಂತ ಓದಿ ಹೇಳಿ. ತಿದ್ದುತ್ತಾರೆ. ನನ್ನ ಅನುಭವದಲ್ಲಿ ತಿದ್ದದೇ ಬಿಟ್ಟ ಪಟ್ಟಿ ಒಂದೂ ಇಲ್ಲ. ಯಾರೂ ಏನೂ ತಿದ್ದಲಿಲ್ಲ ಅಂದರೆ ನಿಮ್ಮ ಮೇಲೆ ಇನ್ನೂ ನಂಬಿಕೆ ಬಂದಿಲ್ಲ ಅಂತ ಅರ್ಥ. ಇನ್ನೊಂದು ವಾರ ಕೂರಿ.

ಹೆಜ್ಜೆ 2: ಜನ ಯಾರ ಬಾಗಿಲು ತಟ್ಟುತ್ತಾರೆ ಅಂತ ನೋಡಿ

ಸಭೆಯಲ್ಲಿ ಜಾಸ್ತಿ ಮಾತಾಡುವವರು ಬೇರೆ. ಮಧ್ಯರಾತ್ರಿ ಮಗುವಿಗೆ ಜ್ವರದಿಂದ ಮೈ ಸುಡುವಾಗ ಜನ ಹೋಗಿ ಎಬ್ಬಿಸುವವರು ಬೇರೆ. ನಿಮಗೆ ಬೇಕಾದವರು ಈ ಎರಡನೆಯವರು. ಅವರಿಗೆ ಹುದ್ದೆ ಇರುವುದಿಲ್ಲ. ವೇದಿಕೆ ಹತ್ತಿ ಅಂದರೆ ಹಿಂದೆ ಸರಿಯುತ್ತಾರೆ. ಮೊದಲ ಹೆಜ್ಜೆಯಲ್ಲಿ ಸಿಕ್ಕ ಹೆಸರುಗಳನ್ನು ಬರೆದು ನೋಡಿ. ಎರಡು ಮೂರು ಹೆಸರು ಮತ್ತೆ ಮತ್ತೆ ಬಂದಿರುತ್ತವೆ. ಅವರೇ.

ಇಂಥ ಒಬ್ಬರ ಕಥೆ ನನಗೆ ತುಂಬಾ ಇಷ್ಟ. 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಬಂದು 600ಕ್ಕೂ ಹೆಚ್ಚು ಜನ ಸತ್ತರು. ಬ್ರಾಡ್ ಸ್ಟ್ರೀಟಿನ ಪಂಪಿನ ನೀರೇ ಕಾರಣ ಅಂತ ವೈದ್ಯ ಜಾನ್ ಸ್ನೋ ಹೇಳಿದರು. ಪಂಪಿನ ಹಿಡಿಯನ್ನು ತೆಗೆಸಿದರು. ಅವರ ಹೆಸರು ಎಲ್ಲರಿಗೂ ಗೊತ್ತು. ಅದೇ ಬೀದಿಗಳ ಚರ್ಚಿನಲ್ಲಿದ್ದ ಯುವ ಪಾದ್ರಿ ಹೆನ್ರಿ ವೈಟ್‌ಹೆಡ್ ಹೆಸರು ಅಷ್ಟು ಜನಕ್ಕೆ ಗೊತ್ತಿಲ್ಲ. ಸ್ನೋ ಹೇಳಿದ್ದು ತಪ್ಪು ಅಂತ ತೋರಿಸಲು ಅವರು ಮನೆ ಮನೆ ಸುತ್ತಿದರು. ಪ್ರತಿ ಮನೆಯವರೂ ಅವರಿಗೆ ಪರಿಚಯ. ಸಾವಿನ ಮನೆಯವರೂ ಅವರೊಂದಿಗೆ ಮನಸ್ಸು ಬಿಚ್ಚಿ ಮಾತಾಡಿದರು. ಸುತ್ತುತ್ತಾ ಸುತ್ತುತ್ತಾ ಸ್ನೋ ಹೇಳಿದ್ದೇ ಸರಿ ಅಂತ ಅವರಿಗೇ ಗೊತ್ತಾಯಿತು. ಪಂಪಿನ ಪಕ್ಕದ ಮನೆಯಲ್ಲಿ ಮೊದಲು ಕಾಯಿಲೆ ಬಿದ್ದ ಹಸುಗೂಸಿನ ವಿಷಯ ಪತ್ತೆ ಮಾಡಿದ್ದು ಅವರೇ. ಮಗುವಿನ ಬಟ್ಟೆ ಒಗೆದ ನೀರು ಹೋಗುತ್ತಿದ್ದ ಗುಂಡಿ ಪಂಪಿನ ಬಾವಿಗೆ ಹತ್ತಿರದಲ್ಲೇ ಇತ್ತು.

ಈ ಕಥೆಯಲ್ಲಿ ಎರಡು ಪಾಠ ಇವೆ. ತಿಳಿದವರ ಜ್ಞಾನಕ್ಕೆ ಪರಿಚಯಸ್ಥರ ನಂಬಿಕೆ ಸೇರಬೇಕು. ಎರಡನೆಯದು, ನಿಮ್ಮ ಎಣಿಕೆ ತಪ್ಪು ಅಂತ ಗೊತ್ತಾದ ದಿನ ಅದನ್ನು ಬಾಯಿಬಿಟ್ಟು ಹೇಳಬೇಕು. ವೈಟ್‌ಹೆಡ್ ಹೇಳಿದರು. ಮುಂದಾಳುಗಳಲ್ಲಿ ಇಷ್ಟು ದೊಡ್ಡ ಮನಸ್ಸಿನವರು ಕಡಿಮೆ.

ಹೆಜ್ಜೆ 3: ಒಂದು ತಿಂಗಳಲ್ಲಿ ಮುಗಿಯುವ ಕೆಲಸ ಹಿಡಿಯಿರಿ

ಮೊದಲ ಕೆಲಸ ಸಣ್ಣದಿರಲಿ, ಕಣ್ಣಿಗೆ ಕಾಣುವಂತಿರಲಿ, ಮುಗಿಯಲಿ. ಬೀದಿ ದೀಪ ಸರಿ ಮಾಡಿಸುವುದು, ಮಕ್ಕಳು ರಸ್ತೆ ದಾಟುವ ಜಾಗದಲ್ಲಿ ಬೆಳಗ್ಗೆ ಇಬ್ಬರು ನಿಲ್ಲುವುದು, ಒಂಟಿಯಾಗಿರುವ ವಯಸ್ಸಾದವರಿಗೆ ದಿನಕ್ಕೊಂದು ಫೋನ್ ಮಾಡುವುದು, ಇಂಥದ್ದು. ಎಷ್ಟೋ ಮಂದಿ ಬಂದು ಮಾತು ಕೊಟ್ಟು ಹೋದದ್ದನ್ನು ಜನ ನೋಡಿರುತ್ತಾರೆ. ಹಾಗಾಗಿ ಒಂದು ಕೆಲಸ ಮುಗಿದದ್ದನ್ನು ಕಣ್ಣಾರೆ ಕಾಣುವುದು ಅವರಿಗೆ ಮುಖ್ಯ. ದೊಡ್ಡ ಕೆಲಸಕ್ಕೆ ಹೆಗಲು ಕೊಡುವವರು ಆಗ ತಾವಾಗಿ ಬರುತ್ತಾರೆ.

ಹೆಜ್ಜೆ 4: ಕೆಲಸ ಕೇಳುವುದನ್ನು ಕಲಿಯಿರಿ

"ಯಾರಾದರೂ ಸಹಾಯ ಮಾಡಿ" ಅಂತ ಗುಂಪಿಗೆ ಮೆಸೇಜ್ ಹಾಕಿದರೆ ಯಾರೂ ಬರುವುದಿಲ್ಲ. ಇನ್ನೊಬ್ಬರು ಹೋಗುತ್ತಾರೆ ಅಂತ ಪ್ರತಿಯೊಬ್ಬರೂ ಅಂದುಕೊಳ್ಳುತ್ತಾರೆ. ಒಬ್ಬರ ಹತ್ತಿರ ಹೋಗಿ, ಹೆಸರು ಹಿಡಿದು ಕೇಳಿ. ಏನು ಕೆಲಸ, ಎಷ್ಟು ಹೊತ್ತು, ಎಷ್ಟು ದಿನ, ಅವರನ್ನೇ ಯಾಕೆ ಕೇಳುತ್ತಿದ್ದೀರಿ, ಈ ನಾಲ್ಕೂ ನಿಮ್ಮ ಮಾತಿನಲ್ಲಿ ಇರಲಿ. "ನೀವು ಮಕ್ಕಳ ಜೊತೆ ಸಮಾಧಾನವಾಗಿ ಮಾತಾಡ್ತೀರಿ. ಮುಂದಿನ ನಾಲ್ಕು ಶನಿವಾರ, ಸಂಜೆ ಒಂದು ಗಂಟೆ ಹೊತ್ತು, ಓದುವ ಕೋಣೆಯಲ್ಲಿ ಕೂರ್ತೀರಾ?" ಹೀಗೆ. ನಾಲ್ಕು ಶನಿವಾರ ಮುಗಿದ ಮೇಲೆ ಬಿಡುವ ಅವಕಾಶವನ್ನು ನೀವೇ ಕೊಡಿ. ಬಿಡುವ ದಾರಿ ತೆರೆದಿದ್ದರೆ ಉಳಿಯುವವರೇ ಜಾಸ್ತಿ.

ಆಗಲ್ಲ ಅಂದವರ ಮೇಲೆ ಮುನಿಸು ಬೇಡ. ಮೂರು ತಿಂಗಳು ಬಿಟ್ಟು ಬೇರೆ ಕೆಲಸ ಕೇಳಿ.

ಬಂದವರಿಗೆ ಕೆಲಸ ಹೇಳಿಕೊಟ್ಟರೆ ಸಾಲದು, ಯಾಕೆ ಅನ್ನುವುದನ್ನೂ ಹೇಳಬೇಕು. ಬಾಂಗ್ಲಾದೇಶದ ಬ್ರ್ಯಾಕ್ ಎಂಬ ಸೇವಾ ಸಂಸ್ಥೆಯವರು ಇದನ್ನು ಕಷ್ಟದಿಂದ ಕಲಿತರು. 1980ರಿಂದ 1990ರವರೆಗೆ ಅವರ ಕಾರ್ಯಕರ್ತೆಯರು ಮನೆ ಮನೆಗೆ ಹೋದರು. ಭೇದಿಯಾದ ಮಗುವಿಗೆ ಉಪ್ಪು, ಬೆಲ್ಲ, ನೀರು ಬೆರೆಸಿ ಕುಡಿಸುವುದನ್ನು ತಾಯಂದಿರಿಗೆ ಕಲಿಸಿದರು. ಒಟ್ಟು 1.2 ಕೋಟಿಗೂ ಹೆಚ್ಚು ಮನೆ. ಶುರುವಿನಲ್ಲಿ ತಾಯಂದಿರು ಕಲಿತರು, ಆದರೆ ಮಗುವಿಗೆ ಭೇದಿಯಾದಾಗ ಅದನ್ನು ಮಾಡಿ ಕುಡಿಸುತ್ತಿದ್ದವರು ತೀರಾ ಕಡಿಮೆ. ಯಾಕೆ ಅಂತ ಹುಡುಕಿದಾಗ ಒಂದು ಮುಖ್ಯ ಕಾರಣ ಸಿಕ್ಕಿತು. ಕಲಿಸುವ ಕೆಲವರಿಗೇ ಅದರಲ್ಲಿ ನಂಬಿಕೆ ಇರಲಿಲ್ಲ! ತಮಗೆ ಭೇದಿಯಾದಾಗ ಅವರು ಮಾತ್ರೆ ನುಂಗುತ್ತಿದ್ದರು. ಆಮೇಲೆ ಸಂಸ್ಥೆ ತನ್ನ ಕಾರ್ಯಕರ್ತರಿಗೆ ಈ ಪಾನೀಯ ಹೇಗೆ ಜೀವ ಉಳಿಸುತ್ತದೆ ಅಂತ ಕೂರಿಸಿಕೊಂಡು ತಿಳಿಸಿತು. ಮನೆಯ ಗಂಡಸರ ಜೊತೆಗೂ ಮಾತಾಡಲು ಶುರು ಮಾಡಿತು. ಆಗ ಬಳಕೆ ಏರಿತು.

ನಿಮ್ಮ ಗುಂಪಿನಲ್ಲೂ ಕೇಳಿ ನೋಡಿ. ನಾವು ಹೇಳುವುದನ್ನು ನಾವು ಪಾಲಿಸುತ್ತೇವೆಯೇ? ರಕ್ತದಾನದ ಶಿಬಿರ ಮಾಡುವವರು ರಕ್ತ ಕೊಟ್ಟಿದ್ದಾರೆಯೇ? ಇದನ್ನು ಕೇಳುವಾಗ ಯಾರನ್ನೂ ನಾಚಿಸಬೇಡಿ. ಭಯ ಇದ್ದರೆ ಅದನ್ನು ಹೇಳಿಕೊಳ್ಳಲು ಜಾಗ ಕೊಡಿ.

ಹೆಜ್ಜೆ 5: ಸಭೆ ಚಿಕ್ಕದಿರಲಿ

ಒಂದು ಗಂಟೆ ಸಾಕು. ಮೊದಲು ಹೊಸಬರು, ಕಿರಿಯರು ಮಾತಾಡಲಿ, ನೀವು ಕೊನೆಗೆ. ನೀವು ಮೊದಲೇ ಅಭಿಪ್ರಾಯ ಹೇಳಿದರೆ ಉಳಿದವರು ಅದನ್ನೇ ಬೇರೆ ಮಾತಲ್ಲಿ ಹೇಳುತ್ತಾರೆ. ಪ್ರತಿ ತೀರ್ಮಾನದ ಮುಂದೆ ಒಬ್ಬರ ಹೆಸರು, ಒಂದು ತಾರೀಖು ಬರೆಯಿರಿ. "ನಾವೆಲ್ಲ ಸೇರಿ ಮಾಡೋಣ" ಅಂತ ಬರೆದ ಕೆಲಸ ಆಗುವುದಿಲ್ಲ.

ಹೆಜ್ಜೆ 6: ದುಡ್ಡಿನ ವಿಷಯದಲ್ಲಿ ಗೋಡೆ ಗಾಜಿನದ್ದಾಗಿರಲಿ

ಒಳ್ಳೆಯ ಗುಂಪುಗಳು ಒಡೆಯುವುದು ಜಾಸ್ತಿ ಇಲ್ಲೇ. ಯಾರೋ ಕದ್ದರು ಅಂತ ಅಲ್ಲ, ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ ಅಂತ. ಅನುಮಾನ ಹುಟ್ಟಲು ಕತ್ತಲೆ ಇದ್ದರೆ ಸಾಕು, ಕಳ್ಳತನವೇ ಆಗಬೇಕಿಲ್ಲ.

ಗುಂಪಿನ ಹಣ ಯಾರ ಸ್ವಂತ ಖಾತೆಯಲ್ಲೂ ಇರಬಾರದು. ಒಂದು ದಿನದ ಮಟ್ಟಿಗೂ ಬೇಡ. ಹಣ ತೆಗೆಯಲು ಇಬ್ಬರ ಸಹಿ ಬೇಕು, ಆ ಇಬ್ಬರು ಒಂದೇ ಮನೆಯವರಾಗಬಾರದು. ದುಡ್ಡು ಕೈಗೆ ಬಂದ ಆ ಕ್ಷಣವೇ ರಸೀದಿ. ಖರ್ಚು ಆದ ದಿನವೇ ಪುಸ್ತಕಕ್ಕೆ. ದುಡ್ಡು ಎಣಿಸುವವರೇ ಲೆಕ್ಕ ಬರೆಯಬಾರದು. ತಿಂಗಳಿಗೊಮ್ಮೆ ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಓಡಾಡುವ ಜಾಗದಲ್ಲಿ ಅಂಟಿಸಿ. ಓದಲು ಬಾರದವರಿಗೆ ಓದಿ ಹೇಳಿ. ಒಂದು ಕೆಲಸಕ್ಕೆ ಅಂತ ಕೊಟ್ಟ ಹಣವನ್ನು, ಎಷ್ಟೇ ತುರ್ತಿದ್ದರೂ, ಕೊಟ್ಟವರನ್ನು ಕೇಳದೆ ಇನ್ನೊಂದಕ್ಕೆ ಹಾಕಬೇಡಿ.

ಒಂದು ಸಲ ನಮ್ಮ ಲೆಕ್ಕದಲ್ಲಿ ಸ್ವಲ್ಪ ಹಣ ಕಡಿಮೆ ಬಂತು. ಸಣ್ಣ ಮೊತ್ತ. ನಾನೇ ಜೇಬಿನಿಂದ ಹಾಕಿ ಸರಿ ಮಾಡಿಬಿಡೋಣ ಅನ್ನಿಸಿತು. ಗುಂಪಿನ ಹಿರಿಯರೊಬ್ಬರು ತಡೆದರು. "ಹಾಕಬೇಡಿ, ಹೇಳಿ" ಅಂದರು. ಇಷ್ಟು ಕಡಿಮೆ ಬಂದಿದೆ, ಕಾರಣ ಹುಡುಕುತ್ತಿದ್ದೇವೆ ಅಂತ ಹಾಳೆಯಲ್ಲಿ ಬರೆದು ಅಂಟಿಸಿದೆವು. ವಾರದೊಳಗೆ ಸ್ವಯಂಸೇವಕರೊಬ್ಬರು ಒಂದು ಬಿಲ್ ಹಿಡಿದು ಬಂದರು. ಅವರು ಖರ್ಚು ಮಾಡಿ ಕೊಡಲು ಮರೆತಿದ್ದರು. ನಾನು ಸುಮ್ನೆ ಹಣ ಹಾಕಿ ಮುಚ್ಚಿದ್ದರೆ ಮುಂದೆ ನನ್ನ ಯಾವ ಲೆಕ್ಕಕ್ಕೂ ಬೆಲೆ ಇರುತ್ತಿರಲಿಲ್ಲ. ಆ ಹಿರಿಯರ ಋಣ ನನ್ನ ಮೇಲಿದೆ.

ಬೇಡ ಅನ್ನಬೇಕಾದ ದಾನವೂ ಇರುತ್ತದೆ. ನೆರವು ಪಡೆಯುವವರನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯಬೇಕು ಅಂತ ಷರತ್ತು ಹಾಕಿದರೆ ನಾನು ಕೈ ಮುಗಿದು ವಾಪಸ್ ಕೊಟ್ಟಿದ್ದೇನೆ. ಕಷ್ಟದಲ್ಲಿರುವವರ ಮರ್ಯಾದೆ ನಮ್ಮ ಬಜೆಟ್ಟಿಗಿಂತ ದೊಡ್ಡದು.

ಹೆಜ್ಜೆ 7: ನಿಯಮಗಳನ್ನು ಅವರೇ ಮಾಡಲಿ

ಎಲ್ಲರಿಗೂ ಸೇರಿದ ನೀರು, ಹುಲ್ಲುಗಾವಲು, ಕಾಡನ್ನು ಜನರೇ ಸೇರಿ ಹೇಗೆ ಕಾಪಾಡಿಕೊಳ್ಳುತ್ತಾರೆ ಅಂತ ಎಲಿನಾರ್ ಆಸ್ಟ್ರಮ್ ವರ್ಷಗಟ್ಟಲೆ ಅಧ್ಯಯನ ಮಾಡಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಅವರು. ಅವರು ಕೊಡುವ ಒಂದು ಉದಾಹರಣೆ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯದು. ಚಳಿಗಾಲದಲ್ಲಿ ಎಷ್ಟು ಹಸುಗಳಿಗೆ ಮೇವು ಹಾಕಿ ಸಾಕಬಲ್ಲಿರೋ, ಬೇಸಿಗೆಯಲ್ಲಿ ಅಷ್ಟನ್ನೇ ಬೆಟ್ಟದ ಹುಲ್ಲುಗಾವಲಿಗೆ ಬಿಡಬೇಕು. 1517ರ ನಿಯಮ ಅದು. ಎಷ್ಟು ಸರಳ ನೋಡಿ. ಯಾರು ಬೇಕಾದರೂ ಎಣಿಸಬಹುದು, ಯಾರೂ ವಾದ ಮಾಡುವಂತಿಲ್ಲ.

ನಿಮ್ಮ ನಿಯಮಗಳೂ ಹಾಗಿರಲಿ. ಪಾಲಿಸುವವರೇ ಕೂತು ಮಾಡಬೇಕು. ನೋಡಿದ ಕೂಡಲೇ ಗೊತ್ತಾಗಬೇಕು. ಮುರಿದವರಿಗೆ ಮೊದಲ ಸಲ ಒಂದು ಮಾತು, ಎರಡನೇ ಸಲ ಸಣ್ಣ ದಂಡ, ಹೀಗೆ ಮೆಲ್ಲಗೆ ಏರಬೇಕು. ಒಂದೇ ತಪ್ಪಿಗೆ ಹೊರಗೆ ಹಾಕಿದರೆ ಉಳಿದವರು ತಮ್ಮ ತಪ್ಪು ಮುಚ್ಚಿಡಲು ಕಲಿಯುತ್ತಾರೆ.

ಇಬ್ಬರ ಮಧ್ಯೆ ಜಗಳ ಬಂದರೆ ಮೂರನೆಯವರ ಬಾಯಿಂದ ಕೇಳಿ ತೀರ್ಮಾನ ಮಾಡಬೇಡಿ. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ, ಆಮೇಲೆ ಒಟ್ಟಿಗೆ ಕೂರಿಸಿ. ತಪ್ಪು ನಿಮ್ಮದೇ ಆಗಿದ್ದರೆ, ಎಷ್ಟು ಜನರೆದುರು ತಪ್ಪು ಮಾಡಿದಿರೋ ಅಷ್ಟು ಜನರೆದುರೇ ಕ್ಷಮೆ ಕೇಳಿ.

ಹೆಜ್ಜೆ 8: ಏನನ್ನು ಎಣಿಸುತ್ತೀರಿ ಅಂತ ಯೋಚಿಸಿ

ಮಾಥಾಯಿಯವರ ಚಳವಳಿಯಲ್ಲಿ ಹೆಂಗಸರಿಗೆ ಸಣ್ಣ ಮೊತ್ತ ಸಿಗುತ್ತಿತ್ತು. ಅದು ನೆಟ್ಟ ಸಸಿಗೆ ಅಲ್ಲ, ಬದುಕಿದ ಸಸಿಗೆ. ಬ್ರ್ಯಾಕ್‌ನಲ್ಲೂ ಹಾಗೆಯೇ. ಕೆಲವು ವಾರ ಬಿಟ್ಟು ಬೇರೆಯವರು ಹೋಗಿ ಪರೀಕ್ಷೆ ಮಾಡುತ್ತಿದ್ದರು. ತಾಯಂದಿರಿಗೆ ಎಷ್ಟು ನೆನಪಿದೆ ಅನ್ನುವುದರ ಮೇಲೆ ಕಲಿಸಿದವರ ಸಂಬಳ ನಿಂತಿತ್ತು.

ಎಷ್ಟು ಶಿಬಿರ ಮಾಡಿದೆವು, ಎಷ್ಟು ಜನ ಬಂದರು ಅನ್ನುವ ಲೆಕ್ಕ ವರದಿಗೆ ಚೆಂದ. ನೀವು ಎಣಿಸಬೇಕಾದದ್ದು ಆರು ತಿಂಗಳ ನಂತರ ಏನು ಉಳಿದಿದೆ ಅನ್ನುವುದನ್ನು. ಓದುವ ಕೋಣೆಗೆ ಬಂದ ಮಕ್ಕಳೆಷ್ಟು ಅಂತ ಮಾತ್ರ ಬರೆಯಬೇಡಿ. ಎರಡನೇ ಪುಸ್ತಕ ಕೇಳಿದ ಮಕ್ಕಳೆಷ್ಟು ಅಂತ ಬರೆಯಿರಿ.

ಹೆಜ್ಜೆ 9: ಕೈಬಿಡುವುದನ್ನು ಮೊದಲೇ ಶುರು ಮಾಡಿ

ಇದಕ್ಕೆ ಕನಿಷ್ಠ ಆರು ತಿಂಗಳು ಬೇಕು. ಮೊದಲ ಎರಡು ತಿಂಗಳು ನೀವು ಮಾಡಿ, ಮುಂದೆ ಕೆಲಸ ವಹಿಸಿಕೊಳ್ಳುವವರು ನೋಡಲಿ. ಮುಂದಿನೆರಡು ತಿಂಗಳು ಅವರು ಮಾಡಲಿ, ನೀವು ಪಕ್ಕದಲ್ಲಿರಿ. ಕೊನೆಯ ಎರಡು ತಿಂಗಳು ಹೋಗಲೇಬೇಡಿ. ಮನೆಯಲ್ಲಿ ಕೂರುವುದು ಕಷ್ಟ ಆಗುತ್ತದೆ. ಕೂರಿ. ಈ ಹೊತ್ತನ್ನು ಮನೆಯವರಿಗೆ, ನಿದ್ದೆಗೆ ಕೊಡಿ. ಸೇವೆಯ ಹೆಸರಿನಲ್ಲಿ ಇವೆರಡನ್ನೂ ಕಳೆದುಕೊಂಡವರನ್ನು ನಾನು ಬಹಳ ನೋಡಿದ್ದೇನೆ, ತುಂಬಾ ನೋವಾಗುತ್ತದೆ.

ಒಬ್ಬರಿಗೇ ಎಲ್ಲ ಒಪ್ಪಿಸಬೇಡಿ, ಇನ್ನೊಬ್ಬ "ನೀವು" ತಯಾರಾಗುತ್ತಾರೆ ಅಷ್ಟೆ. ಕನಿಷ್ಠ ಮೂವರಿಗೆ ಹಂಚಿ. ಎಲ್ಲವನ್ನೂ ಬರೆದಿಡಿ. ಬೀಗದ ಕೈ ಎಲ್ಲೆಲ್ಲಿದೆ, ಯಾವ ಕಚೇರಿಯಲ್ಲಿ ಯಾವ ಅರ್ಜಿ ಕೊಡಬೇಕು, ದಾನಿಗಳಿಗೆ ಕೊಟ್ಟ ಮಾತು ಏನು. ಬರೆಯದೆ ನಿಮ್ಮ ತಲೆಯಲ್ಲಷ್ಟೇ ಇರುವುದನ್ನೂ ಹೊರಗೆ ತೆಗೆಯಿರಿ. ಯಾರಿಗೆ ಯಾರ ಜೊತೆ ಮಾತಿಲ್ಲ, ಯಾರಿಗೆ ಕಾಗದ ಓದಲು ಬಾರದು ಆದರೆ ಹೇಳಿಕೊಳ್ಳುವುದಿಲ್ಲ, ಇಂಥವು. ಇವನ್ನು ಬಾಯಲ್ಲೇ ಹೇಳಿ, ಕಾಗದದಲ್ಲಿ ಬೇಡ.

ಅಮೆರಿಕದ ಎಲಾ ಬೇಕರ್ 1960ರ ಏಪ್ರಿಲ್‌ನಲ್ಲಿ ಬಣ್ಣಭೇದದ ವಿರುದ್ಧ ಹೋರಾಡುತ್ತಿದ್ದ ವಿದ್ಯಾರ್ಥಿಗಳನ್ನು ಶಾ ವಿಶ್ವವಿದ್ಯಾಲಯದಲ್ಲಿ ಒಟ್ಟು ಸೇರಿಸಿದರು. ಬೇಕರ್ ಅವರಿಗಾಗಲೇ ಹೋರಾಟದಲ್ಲಿ ದಶಕಗಳ ಅನುಭವ ಇತ್ತು. ಹಿರಿಯರ ಸಂಘಟನೆಯ ಯುವ ವಿಭಾಗವಾಗಿ ಆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಆಸೆ ಹಲವರಿಗಿತ್ತು. ಬೇಕರ್ ಅದಕ್ಕೆ ಒಪ್ಪಲಿಲ್ಲ. ನಿಮ್ಮ ಸಂಘಟನೆಯನ್ನು ನೀವೇ ಕಟ್ಟಿಕೊಳ್ಳಿ ಅಂತ ಅವರ ಬೆನ್ನಿಗೆ ನಿಂತರು. ಹಾಗೆ ಹುಟ್ಟಿದ್ದು ಎಸ್‌ಎನ್‌ಸಿಸಿ, ಅಂದರೆ ವಿದ್ಯಾರ್ಥಿಗಳ ಅಹಿಂಸಾ ಸಮನ್ವಯ ಸಮಿತಿ. ಕರೆದವರು ಅವರು, ಆದರೆ ಕುರ್ಚಿ ಹಿಡಿಯಲಿಲ್ಲ.

ನಿಮ್ಮ ನಂತರ ಬಂದವರು ಬೇರೆ ರೀತಿ ಮಾಡುತ್ತಾರೆ. ನಾನು ಬಿಟ್ಟ ಮೇಲೆ ಓದುವ ಕೋಣೆಯಲ್ಲಿ ಪುಸ್ತಕಗಳನ್ನು ವಿಷಯದ ಪ್ರಕಾರ ಜೋಡಿಸುವುದು ಬಿಟ್ಟು ಬಣ್ಣದ ಪ್ರಕಾರ ಜೋಡಿಸಿದರು. ನನಗೆ ಕಸಿವಿಸಿ ಆಯಿತು. ಮಾತಾಡಲಿಲ್ಲ. ಅಕ್ಷರ ಇನ್ನೂ ಕೂಡಿಸಲು ಬಾರದ ಪುಟ್ಟ ಮಕ್ಕಳು ತಾವೇ ಪುಸ್ತಕ ತೆಗೆದು, ತಾವೇ ವಾಪಸ್ ಇಡುವುದನ್ನು ಆಮೇಲೆ ನೋಡಿದೆ.

ಬಿಟ್ಟ ಮೇಲೂ ಫೋನ್ ಬರುತ್ತದೆ. "ಹೀಗಾಗಿದೆ, ಏನು ಮಾಡೋಣ?" ಅಂತ ಕೇಳುತ್ತಾರೆ. ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ತಡೆಯಿರಿ. "ನಿಮಗೇನು ಅನ್ನಿಸುತ್ತೆ?" ಅಂತ ಕೇಳಿ, ಅವರು ಹೇಳುವವರೆಗೂ ಕಾಯಿರಿ.